ಇದ್ದ ಅಜ್ಜ, ಬೇಕಾದ ಅಜ್ಜ

ಕ್ರಿ.ಶ. 1ನೇ ಶತಮಾನದ ಕೊನೆಯಲ್ಲಿ ರೋಮನ್ ಸೇನಾಪತಿ ಅಗ್ರಿಕೋಲ ಇಂದಿನ ಸ್ಕಾಟ್ಲೆಂಡಿನ ಬೆಟ್ಟಗಳ ಬುಡದಲ್ಲಿ ಅಲ್ಲಿನ ಬುಡಕಟ್ಟುಗಳ ಜೊತೆ ದೊಡ್ಡ ಯುದ್ಧವೊಂದನ್ನು ಮಾಡಿದ. ಅದರ ಕಥೆಯನ್ನು ಅವನ ಅಳಿಯ, ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ. ಆ ಬರಹದಲ್ಲಿ ಕೋಲ್ತಾರ್ಟಸ್ ಎಂಬ ಅಧಿಕಾರಿ ಎಲ್ಲೂ ಕಾಣುವುದಿಲ್ಲ. ಆದರೆ 1850ರ ದಶಕದಲ್ಲಿ ಅಚ್ಚಾದ ವಂಶಾವಳಿಯೊಂದರಲ್ಲಿ ಅವನಿದ್ದಾನೆ. ಅದರ ಪ್ರಕಾರ ಕೋಲ್ತಾರ್ಟಸ್ ಅಗ್ರಿಕೋಲನ ಕೈಕೆಳಗೆ ಹೋರಾಡಿದವನು, ಆಮೇಲೆ ಅಲ್ಲೇ ನೆಲೆ ನಿಂತವನು, ಒಂದು ಕುಲದ ಮೂಲಪುರುಷನಾದವನು. ಮಗ, ಮೊಮ್ಮಗ, ಮರಿಮಗ ಎಂದು ತಲೆಮಾರುಗಳು ಒಂದೂ ತಪ್ಪದೆ ಇಳಿದು ಬಂದು, ಮ್ಯಾಂಚೆಸ್ಟರ್ ಹತ್ತಿರದ ಆಷ್ಟನ್-ಅಂಡರ್-ಲೈನ್ ಎಂಬ ಹತ್ತಿ ಗಿರಣಿಗಳ ಪಟ್ಟಣದ ಒಬ್ಬ ಬ್ಯಾಂಕ್ ಮ್ಯಾನೇಜರ್ ಬಳಿ ನಿಲ್ಲುತ್ತವೆ. ಅವರ ಹೆಸರು ಜಾನ್ ರಾಸ್ ಕೋಲ್ತಾರ್ಟ್.

1865ರಲ್ಲಿ ಎಡಿನ್‌ಬರೋದಲ್ಲಿ ಒಂದು ಪುಟ್ಟ ಪುಸ್ತಕ ಬಂತು. ಹೆಸರು ‘ಪಾಪ್ಯುಲರ್ ಜೀನಿಯಾಲಜಿಸ್ಟ್ಸ್’. ವಂಶಾವಳಿ ತಯಾರಿಸುವ ಕಲೆ ಎಂಬರ್ಥದ ಉಪಶೀರ್ಷಿಕೆ ಬೇರೆ. ಮುಖಪುಟದಲ್ಲಿ ಲೇಖಕನ ಹೆಸರಿರಲಿಲ್ಲ. ಅದು ಕೋಲ್ತಾರ್ಟ್ ವಂಶಾವಳಿಯನ್ನೂ ಅಂಥ ಇನ್ನಷ್ಟನ್ನೂ ಎತ್ತಿಕೊಂಡು, ಅವು ಹೇಗೆ ಗಾಳಿಯಲ್ಲಿ ಕಟ್ಟಿದ ಮನೆಗಳು ಎಂಬುದನ್ನು ತೋರಿಸಿತು. ಇಂಥ ಕಥೆಗಳಿಗೆ ಗೌರವದ ಜಾಗ ಕೊಟ್ಟಿದ್ದವು ಬರ್ಕ್ ಎಂಬ ಹೆಸರಿನ ಪ್ರಸಿದ್ಧ ಗ್ರಂಥಗಳು. ಶ್ರೀಮಂತರ, ಜಮೀನ್ದಾರರ ವಂಶವಿವರಗಳಿಗೆ ಬ್ರಿಟನ್ನಿನಲ್ಲಿ ಎಲ್ಲರೂ ತೆರೆದು ನೋಡುತ್ತಿದ್ದುದು ಅವನ್ನೇ. ಅವುಗಳ ಸಂಪಾದಕ ಬರ್ನಾರ್ಡ್ ಬರ್ಕ್ ಐರ್ಲೆಂಡಿನ ಲಾಂಛನಗಳ ಮುಖ್ಯಾಧಿಕಾರಿ. ಅವರನ್ನು ಟೀಕಿಸಿದ ಅನಾಮಿಕನಾದರೋ ಸ್ಕಾಟ್ಲೆಂಡಿನ ಲಾಂಛನಾಧಿಕಾರಿಯ ಉಪಾಧಿಕಾರಿ. ಹೆಸರು ಜಾರ್ಜ್ ಬರ್ನೆಟ್, ವೃತ್ತಿಯಿಂದ ವಕೀಲ.

ಬರ್ನೆಟ್ ಬಗ್ಗೆ ಕನ್ನಡದಲ್ಲಿ ಓದಿದವರು ಕಡಿಮೆ. ಅವರ ಊರಿನಲ್ಲೂ ಇಂದು ಅವರ ಹೆಸರು ಬಲ್ಲವರು ಸಂಶೋಧಕರು ಮಾತ್ರವೇ ಇರಬಹುದು. ಆದರೂ ಅವರ ಬದುಕಿನ ಸುತ್ತ ಒಂದು ಪ್ರಶ್ನೆ ಇದೆ. ಹಳೆಯ ದಾಖಲೆಗಳ ಜೊತೆ ದಿನ ಕಳೆಯುವ ನನ್ನಂಥವರನ್ನು ಅದು ಬಿಡುವುದಿಲ್ಲ. ಯಾರಿಗೂ ನೋವಾಗದ, ಒಬ್ಬನಿಗೆ ಸಂತೋಷ ಕೊಡುವ ಸುಳ್ಳನ್ನು ಬಯಲು ಮಾಡಲೇಬೇಕೆ? ಸತ್ತು ನೂರಾರು ವರ್ಷವಾದವರ ಬಗ್ಗೆ ನಿಜ ಹೇಳುವ ಸಾಲ ಬದುಕಿರುವವರ ಮೇಲೆ ಇದೆಯೆ?

ಮೊದಲು ಆ ಹುದ್ದೆಯ ಬಗ್ಗೆ ಸ್ವಲ್ಪ ಹೇಳಬೇಕು. ಗಂಡಭೇರುಂಡ ಎಂದರೆ ಮೈಸೂರು ಎಂದು ನಮಗೆ ಹೊಳೆಯುವಂತೆ, ಯುರೋಪಿನ ಮನೆತನಗಳಿಗೂ ಗುರಾಣಿಯ ಮೇಲೆ ಬರೆದ ಲಾಂಛನಗಳಿದ್ದವು. ಸ್ಕಾಟ್ಲೆಂಡಿನಲ್ಲಿ ಅವು ಅಲಂಕಾರದ ವಿಷಯ ಅಷ್ಟೇ ಆಗಿರಲಿಲ್ಲ, ಕಾನೂನಿನ ವಿಷಯವಾಗಿದ್ದವು. ಇಂದಿಗೂ ಹಾಗೇ. ಲಾರ್ಡ್ ಲಯನ್ ಕಿಂಗ್ ಆಫ್ ಆರ್ಮ್ಸ್ ಎಂಬ ಅಧಿಕಾರಿ ಅಲ್ಲಿ ನಿಜವಾದ ನ್ಯಾಯಾಧೀಶ, ಅವನದು ನಿಜವಾದ ಕೋರ್ಟು. 1672ರ ಶಾಸನದ ಪ್ರಕಾರ ಎಲ್ಲ ಲಾಂಛನಗಳೂ ಒಂದು ಸಾರ್ವಜನಿಕ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಹಕ್ಕಿಲ್ಲದೆ ಲಾಂಛನ ಬಳಸಿದವನಿಗೆ ಸ್ಕಾಟಿಷ್ ಹಣದಲ್ಲಿ 100 ಪೌಂಡ್ ದಂಡ. ಅದನ್ನು ಕೆತ್ತಿಸಿಕೊಂಡ ವಸ್ತುಗಳ ಮುಟ್ಟುಗೋಲು. ಇನ್ನೊಂದು ವಿಶೇಷ: ಸ್ಕಾಟಿಷ್ ಕಾನೂನಿನಲ್ಲಿ ‘ನಮ್ಮ ಮನೆತನದ ಲಾಂಛನ’ ಎಂಬುದೇ ಇಲ್ಲ. ಒಂದು ಲಾಂಛನಕ್ಕೆ ಒಂದು ಕಾಲದಲ್ಲಿ ಒಬ್ಬನೇ ಒಡೆಯ. ಅಪ್ಪನದು ಹಿರಿಯ ವಾರಸುದಾರನಿಗೆ. ಕಿರಿಯರು ಅದರಲ್ಲಿ ಚಿಕ್ಕದೊಂದು ವ್ಯತ್ಯಾಸ ಮಾಡಿಸಿ ಬೇರೆಯಾಗಿ ದಾಖಲಿಸಿಕೊಳ್ಳಬೇಕು. ಎಡಿನ್‌ಬರೋದ ಅಂಗಡಿಗಳಲ್ಲಿ ಪ್ರವಾಸಿಗರು ತಮ್ಮ ಅಡ್ಡಹೆಸರಿನ ‘ಕುಟುಂಬ ಲಾಂಛನ’ ಇರುವ ಕಪ್ಪು ಬಸಿಗಳನ್ನು ಕೊಳ್ಳುತ್ತಾರಲ್ಲ, ಈ ಕಾನೂನಿನ ಕಣ್ಣಿಗೆ ಅದೊಂದು ತಮಾಷೆ.

ಹೀಗೆ ಗಟ್ಟಿ ಕಾನೂನಿದ್ದರೂ ಹುದ್ದೆ ಮಾತ್ರ ಸಡಿಲವಾಗಿತ್ತು. 1804ರಲ್ಲಿ ಅದು ಕಿನ್ನೂಲ್‌ನ ಅರ್ಲ್ ಆಗಿದ್ದ ಹತ್ತೊಂಬತ್ತು ವರ್ಷದ ಹುಡುಗನಿಗೆ ಅಪ್ಪನ ನಂತರ ಬಂತು. ಆತ 1866ರಲ್ಲಿ ಸಾಯುವವರೆಗೆ, ಅಂದರೆ 62 ವರ್ಷ, ಲಾರ್ಡ್ ಲಯನ್ ಆಗಿಯೇ ಇದ್ದ. ಕೆಲಸ ನಡೆಸುತ್ತಿದ್ದವರು ಉಪಾಧಿಕಾರಿಗಳು. ಬರ್ನೆಟ್ 1863ರಲ್ಲಿ ಆ ಉಪಾಧಿಕಾರಿಯ ಸ್ಥಾನಕ್ಕೆ ಬಂದರು. ಅರ್ಲ್ ತೀರಿಕೊಂಡ ಮೇಲೆ ಹುದ್ದೆ ಅವರಿಗೇ ಸಿಕ್ಕಿತು. 1867ರಲ್ಲಿ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿ ಕಚೇರಿಯನ್ನು ಸುಧಾರಿಸಿತು. ಲಾಂಛನ ಕೇಳಿ ಬಂದವರ ಶುಲ್ಕ ಇನ್ನು ಸರ್ಕಾರದ ಖಜಾನೆಗೆ, ಅಧಿಕಾರಿಗೆ ಸಂಬಳ. ಸಣ್ಣದಾಗಿ ಕಾಣುವ ಈ ಬದಲಾವಣೆಯಲ್ಲಿ ನೈತಿಕತೆಯ ಒಂದು ದೊಡ್ಡ ಪಾಠ ಇದೆ. ಗೌರವ ಕೊಡುವವನಿಗೆ ಗೌರವ ಬೇಡುವವನು ನೇರವಾಗಿ ದುಡ್ಡು ಕೊಡುವಂತಿದ್ದರೆ ‘ಇಲ್ಲ’ ಎಂಬ ಪದ ಅವನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ.

ಬರ್ನೆಟ್ ಹುಟ್ಟಿದ್ದು 1822ರಲ್ಲಿ, ಅಬರ್ಡೀನ್‌ಷೈರಿನ ಕೆಮ್ನೆ ಎಂಬ ಜಮೀನ್ದಾರಿ ಮನೆಯ ಮೂರನೆಯ ಮಗನಾಗಿ. ಓದಿದ್ದು ಒಂದಿಷ್ಟು ಜರ್ಮನಿಯಲ್ಲಿ. 1845ರಲ್ಲಿ ವಕೀಲರಾದರು, ಆದರೆ ಕೋರ್ಟಿನಲ್ಲಿ ಹೆಚ್ಚು ವಾದಿಸಿದವರಲ್ಲ. ‘ಸ್ಕಾಟ್ಸ್‌ಮನ್’ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಅಪಸ್ವರ ಕೇಳಿದರೆ ಸುಮ್ಮನಿರಲಾಗದ ಆ ಕಿವಿಯೇ ವಂಶಾವಳಿಗಳ ವಿಷಯದಲ್ಲೂ ಕೆಲಸ ಮಾಡಿತೇನೋ. ಉಳಿದ ಆಯುಷ್ಯವನ್ನೆಲ್ಲ ಅವರು ಕಳೆದದ್ದು ಹಳೆಯ ದಾಖಲೆಗಳಲ್ಲಿ. 1890ರ ಜನವರಿಯಲ್ಲಿ ತೀರಿಕೊಂಡಾಗಲೂ ಒಂದು ದೊಡ್ಡ ಸಂಪಾದನಾ ಕೆಲಸದ ನಡುವೆಯೇ ಇದ್ದರು. ಅದರ ಮಾತು ಮುಂದೆ ಬರುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಕೋಲ್ತಾರ್ಟ್ ಅವರ ಪರವಾಗಿ ವಾದಿಸುವುದು ಕಷ್ಟವೇನಲ್ಲ. ಬ್ಯಾಂಕಿನಲ್ಲಿ ದುಡಿದ ಒಬ್ಬ ಮನುಷ್ಯ ತನಗೊಬ್ಬ ರೋಮನ್ ಅಜ್ಜ ಇದ್ದ ಎಂದು ನಂಬಿದರೆ ಯಾರ ಗಂಟು ಹೋಯಿತು? ಅವರು ಯಾರ ಜಮೀನನ್ನೂ ಕೇಳಲಿಲ್ಲ, ಯಾರ ಪದವಿಯನ್ನೂ ಕಸಿಯಲಿಲ್ಲ. ನಮ್ಮಲ್ಲೂ ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಆ ಗಾದೆಯಲ್ಲಿ ಬರಿಯ ಅಂಜಿಕೆ ಇಲ್ಲ, ಒಂದು ಔದಾರ್ಯವೂ ಇದೆ. ಮನುಷ್ಯ ಈಗ ಏನಾಗಿದ್ದಾನೋ ಅದನ್ನು ನೋಡು, ಅವನ ಬೇರನ್ನು ಅಗೆದು ಅವಮಾನಿಸಬೇಡ ಎಂಬ ಔದಾರ್ಯ. ಮೂಲ ಕೇಳುವುದೇ ಮನುಷ್ಯನನ್ನು ಕೆಳಗೆ ಕೂರಿಸುವ ಉಪಾಯವಾಗಿರುವ ಸಮಾಜದಲ್ಲಿ ಆ ಗಾದೆಗೆ ಬೆಲೆ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಚೂಪಾದದ್ದು. ಬರ್ನೆಟ್ ಯಾರು? ಲೀಸ್‌ನ ಬರ್ನೆಟ್‌ಗಳ ಒಂದು ಕವಲಿನವರು. ಆ ಮನೆತನದ ಕ್ರೇಥಸ್ ಕೋಟೆಯಲ್ಲಿ ದಂತದ ಕೊಂಬೊಂದಿದೆ. ಅದು 1323ರಲ್ಲಿ ರಾಬರ್ಟ್ ಬ್ರೂಸ್ ದೊರೆ ಭೂಮಿಯ ಜೊತೆಗೆ ಕೊಟ್ಟದ್ದು ಎಂಬ ನಂಬಿಕೆ ಇದೆ. ತಮ್ಮ ಮನೆತನದ ಚರಿತ್ರೆಯನ್ನು ಬರ್ನೆಟ್ ಹಸ್ತಪ್ರತಿಯಲ್ಲಿ ಬರೆದಿಟ್ಟಿದ್ದರು, ಅವರ ಸಾವಿನ ನಂತರ 1901ರಲ್ಲಿ ಅದು ಅಚ್ಚಾಯಿತು. ಪೆಟ್ಟಿಗೆ ತುಂಬ ದಾನಪತ್ರಗಳಿರುವ ಮನೆಯಲ್ಲಿ ಹುಟ್ಟಿದವನಿಗೆ ‘ಪುರಾವೆ ತೋರಿಸು’ ಎನ್ನುವುದು ಸುಲಭ. ದಾಖಲೆ ಎಂಬುದು ಆಸ್ತಿಯ ನೆರಳು. ಭೂಮಿ ಇದ್ದವನ ಹೆಸರು ಪತ್ರದಲ್ಲಿ ಬರುತ್ತದೆ, ಆ ಭೂಮಿಯನ್ನು ಉತ್ತವನ ಹೆಸರು ಬರುವುದಿಲ್ಲ. ಹಾಗಿದ್ದ ಮೇಲೆ ಪುರಾವೆಯ ಕಟ್ಟುನಿಟ್ಟು ಹಳೆಯ ಶ್ರೀಮಂತರು ಹೊಸಬರ ಮುಖಕ್ಕೆ ಹಾಕುವ ಬಾಗಿಲು ಎನ್ನಬಹುದಲ್ಲವೆ?

ಈ ಆಕ್ಷೇಪವನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ. ಅದನ್ನು ಎದುರಿಗಿಟ್ಟುಕೊಂಡೇ ಸುಳ್ಳು ವಂಶಾವಳಿ ಏನು ಮಾಡುತ್ತದೆ ಎಂದು ನೋಡಬೇಕು.

ಅದು ಮಾಡುವ ಮೊದಲ ಕೆಲಸ ಇದ್ದ ಅಜ್ಜಂದಿರನ್ನು ಮನೆಯಿಂದ ಹೊರಗೆ ಹಾಕುವುದು. ರೋಮನ್ ಅಧಿಕಾರಿಯಿಂದ ಬ್ಯಾಂಕ್ ಮ್ಯಾನೇಜರ್ ತನಕ ಹದಿನೇಳು ಶತಮಾನಗಳ ಎಲ್ಲ ಖಾನೆಗಳನ್ನೂ ನಾಯಕರಿಂದ ತುಂಬಿದ ಮೇಲೆ, ನಿಜವಾಗಿ ಬದುಕಿದ್ದವರಿಗೆ ಜಾಗ ಎಲ್ಲಿ ಉಳಿಯುತ್ತದೆ? ಎಲ್ಲ ಮನುಷ್ಯರಿಗೂ ಇರುವಂತೆ ಕೋಲ್ತಾರ್ಟ್ ಅವರಿಗೂ ಮುತ್ತಜ್ಜ, ಮುತ್ತಜ್ಜಿಯರು ಇದ್ದೇ ಇದ್ದರು. ಚಳಿಗಾಲ ದಾಟಿದವರು, ಮಕ್ಕಳನ್ನು ಹೆತ್ತು ಹೂತವರು, ಸಾಲ ಮಾಡಿ ತೀರಿಸಿದವರು. ಅವರ ಕೈ ಹಿಡಿದೇ ಈ ಜೀವ ಇಲ್ಲಿಗೆ ಬಂದದ್ದು. ಅವರ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಅದು ನಷ್ಟ. ಗೊತ್ತಿಲ್ಲದ ಜಾಗದಲ್ಲಿ ಬೇರೊಬ್ಬನನ್ನು ಕೂರಿಸುವುದು ಕೃತಘ್ನತೆ. ಖಾಲಿ ಖಾನೆಯಲ್ಲಿ ಅವರ ಜಾಗವಾದರೂ ಉಳಿದಿರುತ್ತದೆ, ತುಂಬಿದ ಖಾನೆಯಲ್ಲಿ ಅದೂ ಇಲ್ಲ.

ಎರಡನೆಯದು ಬದುಕಿರುವವನ ಬಗ್ಗೆಯೇ. ಜಾನ್ ರಾಸ್ ಕೋಲ್ತಾರ್ಟ್ 1844ರಲ್ಲಿ ಆಷ್ಟನ್ ಪಟ್ಟಣದ ಆರೋಗ್ಯ ಸ್ಥಿತಿಯ ಬಗ್ಗೆ ಒಂದು ವರದಿ ಬರೆದಿದ್ದರು. ಗಿರಣಿ ಪಟ್ಟಣಗಳ ಕಾರ್ಮಿಕರ ಕೇರಿಗಳಲ್ಲಿ ಚರಂಡಿ, ನೀರು, ಗಾಳಿ ಯಾವುದೂ ಸರಿಯಿಲ್ಲದೆ ಜನ ಸಾಯುತ್ತಿದ್ದ ಕಾಲ ಅದು. ಒಬ್ಬ ಬ್ಯಾಂಕ್ ಮ್ಯಾನೇಜರ್ ತನ್ನ ಊರಿನ ಕೊಳಕನ್ನು ಬರವಣಿಗೆಗೆ ಇಳಿಸಿದ್ದು ಸಣ್ಣ ವಿಷಯವಲ್ಲ. ಅವರು ಮುಂದೆ ಆ ಪಟ್ಟಣದ ಮೇಯರ್ ಕೂಡ ಆದರು. ವಂಶಕ್ಕೆ ಹೆಮ್ಮೆ ತರುವ ಕೆಲಸ ಯಾವುದಾದರೂ ಇದ್ದರೆ ಅದು ಆ ಚರಂಡಿಗಳ ವರದಿ. ಆದರೆ ಇಂದು ಅವರ ಹೆಸರು ಹೆಚ್ಚಾಗಿ ಕಾಣುವುದು ಸುಳ್ಳು ವಂಶಾವಳಿಗಳ ಚರ್ಚೆಯಲ್ಲಿ. ಇಲ್ಲದ ಅಜ್ಜನೊಬ್ಬ ಇದ್ದ ಮೊಮ್ಮಗನ ನಿಜವಾದ ಕೆಲಸವನ್ನು ನುಂಗಿಬಿಟ್ಟ. ಆ ಸರಪಣಿ ಕಟ್ಟಿದವರು ಯಾರೇ ಆಗಲಿ, ಅದರಿಂದ ಹೆಚ್ಚು ಕಳೆದುಕೊಂಡವರು ಅವರೇ.

ಮೂರನೆಯದಕ್ಕೆ ಬಂದಾಗ ನಮಗೆ ಆಕ್ಷೇಪದ ಉತ್ತರ ಸಿಗುತ್ತದೆ ಎಂದು ನನಗನಿಸುತ್ತದೆ. ಹೊಸಬನೊಬ್ಬ ಹಳೆಯ ವಂಶವನ್ನು ಕಟ್ಟಿಸಿಕೊಂಡಾಗ ಅವನು ಹಳಬರನ್ನು ಎದುರಿಸಿದಂತೆ ಕಾಣುತ್ತದೆ. ನಿಜವಾಗಿ ಅವನು ಅವರ ನಿಯಮಕ್ಕೆ ಸಹಿ ಹಾಕಿರುತ್ತಾನೆ. ಯಾವ ನಿಯಮ? ಹಳೆಯ ರಕ್ತವಿಲ್ಲದವನಿಗೆ ಮರ್ಯಾದೆ ಇಲ್ಲ ಎಂಬ ನಿಯಮ. ತನ್ನೊಬ್ಬನಿಗೆ ಒಳಗೆ ಜಾಗ ಸಿಕ್ಕಿತು ಎಂದುಕೊಂಡು ಅವನು ಬಾಗಿಲನ್ನು ಇನ್ನೂ ಭದ್ರ ಮಾಡುತ್ತಾನೆ. ಅವನ ಹಿಂದೆ ಬರುವವರಿಗೆ ದುಡ್ಡು ಕೊಟ್ಟು ಅಜ್ಜನನ್ನು ಕೊಳ್ಳುವ ಶಕ್ತಿಯೂ ಇರುವುದಿಲ್ಲ.

ಹಾಗಾದರೆ ಬರ್ನೆಟ್ ಮಾಡುತ್ತಿದ್ದುದೇನು? ಅವರೂ ಹೊಸಬರಿಗೆ ಲಾಂಛನ ಕೊಡುತ್ತಿದ್ದವರೇ ಅಲ್ಲವೆ? ವ್ಯಾಪಾರಿಗಳಿಗೆ, ವೈದ್ಯರಿಗೆ, ಊರುಗಳಿಗೆ ಹೊಸ ಲಾಂಛನ ಕೊಡುವುದು ಆ ಕಚೇರಿಯ ದಿನನಿತ್ಯದ ಕೆಲಸ. ನಿನ್ನೆಯವರೆಗೆ ಇಲ್ಲದ ಮರ್ಯಾದೆಯನ್ನು ಇವತ್ತು ಚರ್ಮದ ಹಾಳೆಯ ಮೇಲೆ ಬಣ್ಣದಲ್ಲಿ ಬರೆದು ಕೊಡುವುದಕ್ಕೂ, ಇಲ್ಲದ ಅಜ್ಜನನ್ನು ಬರೆದು ಕೊಡುವುದಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ಇರುವುದು ತಾರೀಖಿನಲ್ಲಿ. ಲಯನ್ ಕಚೇರಿಯ ಪತ್ರದ ಮೇಲೆ ಕೊಟ್ಟ ದಿನ ಇರುತ್ತದೆ. ಇಂಥ ವರ್ಷ, ಇಂಥ ದಿನ, ಇಂಥವನಿಗೆ ಈ ಗುರುತು ಕೊಡಲಾಗಿದೆ ಎಂದಷ್ಟೇ ಅದು ಹೇಳುತ್ತದೆ. ಅದು ಹೊಸದು, ಹೊಸದೆಂದೇ ಒಪ್ಪಿಕೊಳ್ಳುತ್ತದೆ. ನೂರು ವರ್ಷದ ನಂತರ ಅದು ನೂರು ವರ್ಷ ಹಳೆಯದಾಗುತ್ತದೆ, ಒಂದು ದಿನವೂ ಹೆಚ್ಚಲ್ಲ, ಕಡಿಮೆಯಲ್ಲ. ಸುಳ್ಳು ವಂಶಾವಳಿಯೂ ಹೊಸದೇ, ಆದರೆ ಅದು ತನ್ನ ಹುಟ್ಟಿದ ದಿನವನ್ನು ಮುಚ್ಚಿಡುತ್ತದೆ. ಗೌರವವನ್ನು ಹೊಸದಾಗಿ ಹುಟ್ಟಿಸುವುದರಲ್ಲಿ ಅನ್ಯಾಯವಿಲ್ಲ. ಎಲ್ಲ ಹಳೆಯ ಗೌರವಗಳೂ ಒಂದು ದಿನ ಹೊಸದಾಗಿದ್ದವೇ. ಇವತ್ತಿನದನ್ನು ನಿನ್ನೆಯದೆಂದು ಹೇಳಿದಾಗ ಅದು ಮೋಸವಾಗುತ್ತದೆ. ‘ನನ್ನಿಂದ ಶುರು’ ಎಂದು ಹೇಳುವ ಧೈರ್ಯ ಇದ್ದವನಿಗೆ ರೋಮನ್ ಅಜ್ಜ ಬೇಕಾಗುವುದಿಲ್ಲ.

ಇಲ್ಲಿ ಪುರಾಣದ ಮಾತೂ ಬರುತ್ತದೆ. ಹುಲಿಯ ಮೇಲೆ ಬಿದ್ದ ಸಳನ ಕಥೆಯನ್ನು ನಾವು ಶಾಲೆಯಲ್ಲಿ ಕೇಳಿದ್ದೇವೆ, ಬೇಲೂರಿನಲ್ಲಿ ಕಲ್ಲಿನಲ್ಲಿ ನೋಡಿದ್ದೇವೆ. ಅದನ್ನು ಯಾರಾದರೂ ‘ಪೋರ್ಜರಿ’ ಎಂದು ಕರೆದರೆ ನಗು ಬರುತ್ತದೆ. ಕಥೆ ತನ್ನನ್ನು ಕಥೆ ಎಂದೇ ಹೇಳಿಕೊಂಡು ಬರುತ್ತದೆ, ಕೇಳುವವನಿಗೂ ಅದು ಗೊತ್ತು. ಕೋಲ್ತಾರ್ಟ್ ವಂಶಾವಳಿ ಬಂದದ್ದು ಕಥೆಯ ವೇಷದಲ್ಲಲ್ಲ. ಹೆಸರು, ತಲೆಮಾರು, ಮದುವೆ, ಲಾಂಛನ ಎಲ್ಲವನ್ನೂ ಹೊತ್ತು, ದಾಖಲೆಯ ಬಟ್ಟೆ ತೊಟ್ಟು ಬಂತು. ಪುರಾಣ ಕೇಳುವುದು ನಂಬಿಕೆಯನ್ನು. ದಾಖಲೆ ಕೇಳುವುದು ಪರೀಕ್ಷೆಯನ್ನು. ಪರೀಕ್ಷೆಗೆ ಒಡ್ಡಿಕೊಂಡ ಮೇಲೆ ‘ನನ್ನನ್ನು ಪರೀಕ್ಷಿಸಬೇಡಿ, ನೋವಾಗುತ್ತದೆ’ ಎನ್ನುವ ಹಾಗಿಲ್ಲ.

ಹಾಗಂತ ಬರ್ನೆಟ್ ಅವರನ್ನು ಕಲೆಯಿಲ್ಲದ ಸತ್ಯವಂತ ಎಂದು ಕೂರಿಸುವ ಅಗತ್ಯವೂ ಇಲ್ಲ. ಎಲ್ಲದಕ್ಕೂ ಆಧಾರ ಕೇಳಿದವರು ತಮ್ಮ ಪುಸ್ತಕಕ್ಕೆ ಹೆಸರು ಹಾಕದೆ ಬಿಟ್ಟರು ಎಂಬುದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇರುತ್ತದೆ. ಹೆಸರು ಹಿಡಿದು ಟೀಕಿಸುವವನು ತನ್ನ ಹೆಸರನ್ನೂ ಕೊಡಬೇಕು. ಸುಮಾರು ಹದಿನೈದು ವರ್ಷದ ನಂತರ ಅವರು ಆ ಸಾಲವನ್ನು ತೀರಿಸಿದಂತೆ ಕಾಣುತ್ತದೆ. ವಿಲಿಯಂ ಫ್ರೇಸರ್ ಎಂಬ ಮತ್ತೊಬ್ಬ ವಕೀಲ-ವಿದ್ವಾಂಸ ಸ್ಕಾಟಿಷ್ ಶ್ರೀಮಂತ ಮನೆತನಗಳಿಗಾಗಿ ಭಾರಿ ಚರಿತ್ರೆಗಳನ್ನು ಬರೆದು, ಕೆಲವೇ ಪ್ರತಿಗಳಲ್ಲಿ ಅಚ್ಚು ಮಾಡಿಸಿ ಕೊಡುತ್ತಿದ್ದರು. ಮೆಂಟೀತ್ ಮನೆತನದ ಬಗೆಗಿನ ಅಂಥದೊಂದು ಗ್ರಂಥ 1880ರಲ್ಲಿ ಬಂದಾಗ ಬರ್ನೆಟ್ ಅದನ್ನು ಕಟುವಾಗಿ ವಿಮರ್ಶಿಸಿದರು, 1881ರಲ್ಲಿ ಆ ವಿಮರ್ಶೆ ಅವರ ಹೆಸರಿನಲ್ಲಿಯೇ ಪುಸ್ತಕವಾಯಿತು. ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಫ್ರೇಸರ್ ಅಚ್ಚು ಮಾಡಿಸಿದ ಹಳೆಯ ಪತ್ರಗಳನ್ನು ಸಂಶೋಧಕರು ಇಂದೂ ತೆರೆದು ನೋಡುತ್ತಾರೆ. ಅವರು ಬಿಟ್ಟುಹೋದ ಹಣದಿಂದಲೇ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಇತಿಹಾಸ ಮತ್ತು ಪ್ರಾಚೀನ ಲಿಪಿಶಾಸ್ತ್ರದ ಪೀಠ ಹುಟ್ಟಿತು. ಮನೆತನಗಳ ಹೆಮ್ಮೆಯಿಂದ ಬಂದ ದುಡ್ಡು ಆ ಹೆಮ್ಮೆಯನ್ನೇ ಪರೀಕ್ಷಿಸುವ ವಿದ್ಯೆಯನ್ನು ಕಲಿಸಿತು. ಇತಿಹಾಸಕ್ಕೆ ಇಂಥ ಕುಚೋದ್ಯ ಹೊಸದಲ್ಲ.

ಬರ್ನೆಟ್ ಅವರ ನಿಜವಾದ ಉತ್ತರ ಆ ಟೀಕೆಗಳಲ್ಲಿಲ್ಲ, ಅವರು ಸಾಯುವ ತನಕ ಮಾಡಿದ ದೊಡ್ಡ ಕೆಲಸದಲ್ಲಿದೆ. ಸ್ಕಾಟ್ಲೆಂಡಿನ ದೊರೆಗಳ ಖಜಾನೆಯ ಲೆಕ್ಕದ ಸುರುಳಿಗಳು 1264ರಿಂದ ಸಿಗುತ್ತವೆ. ಜಿಲ್ಲಾಧಿಕಾರಿಗಳು, ಪಟ್ಟಣಗಳ ಅಧಿಕಾರಿಗಳು, ಸುಂಕದವರು ಬಂದು ಇಷ್ಟು ಬಂತು, ಇಷ್ಟು ಹೋಯಿತು ಎಂದು ಒಪ್ಪಿಸಿದ ಲೆಕ್ಕ. ಚರ್ಮದ ಮೇಲೆ, ಲ್ಯಾಟಿನ್‌ನಲ್ಲಿ. 1878ರಿಂದ ಅವು ಸಂಪುಟಗಳಾಗಿ ಅಚ್ಚಾಗತೊಡಗಿದವು. ಮೊದಲ ಸಂಪುಟದಲ್ಲಿ ಜಾನ್ ಸ್ಟುವರ್ಟ್ ಜೊತೆಗೆ, ಆಮೇಲೆ ಒಬ್ಬರೇ, ಬರ್ನೆಟ್ ಹತ್ತಕ್ಕೂ ಹೆಚ್ಚು ಸಂಪುಟಗಳನ್ನು ಸಂಪಾದಿಸಿದರು. ಇಲ್ಲಿ ಯಾರ ಹೊಗಳಿಕೆಯೂ ಇಲ್ಲ. ಗೋಧಿ, ಮಾಲ್ಟು, ಮೀನು, ಮೇಣ, ಉಣ್ಣೆಯ ಸುಂಕ, ಕೋಟೆಯ ಮಾಡಿನ ರಿಪೇರಿ. ಓದುತ್ತಾ ಕೂತರೆ ನಿದ್ದೆ ಬರಬೇಕು.

ಆದರೆ 10ನೇ ಸಂಪುಟದಲ್ಲಿ, 1494-95ರ ಲೆಕ್ಕದಲ್ಲಿ, ಒಂದು ಸಾಲು ಇದೆ. ಜಾನ್ ಕಾರ್ ಎಂಬ ಒಬ್ಬ ಕ್ರೈಸ್ತ ಸನ್ಯಾಸಿಗೆ, ದೊರೆಯ ಅಪ್ಪಣೆಯಂತೆ, ‘ಅಕ್ವಾವಿಟೆ’ ಅಂದರೆ ಜೀವಜಲ ತಯಾರಿಸಲು ಎಂಟು ಬೋಲ್ ಮಾಲ್ಟ್ ಕೊಡಲಾಯಿತು ಎಂಬ ಖರ್ಚಿನ ಸಾಲು. ಬೋಲ್ ಎಂದರೆ ನಮ್ಮ ಖಂಡುಗದಂಥ ಒಂದು ಧಾನ್ಯದ ಅಳತೆ. ಆಗ ಆಳುತ್ತಿದ್ದವನು ನಾಲ್ಕನೆಯ ಜೇಮ್ಸ್. ಸ್ಕಾಟ್ಲೆಂಡಿನಲ್ಲಿ ವಿಸ್ಕಿಯ ಬಗ್ಗೆ ಸಿಗುವ ಅತ್ಯಂತ ಹಳೆಯ ಲಿಖಿತ ದಾಖಲೆ ಇದೇ. 1994ರಲ್ಲಿ ಸ್ಕಾಚ್ ವಿಸ್ಕಿಯ 500ನೇ ವರ್ಷವನ್ನು ಸಂಭ್ರಮದಿಂದ ಆಚರಿಸಿದ್ದು ಈ ಒಂದು ಸಾಲನ್ನು ನಂಬಿಕೊಂಡು.

ಜಾನ್ ಕಾರ್‌ಗೆ ಲಾಂಛನ ಬೇಕಿರಲಿಲ್ಲ. ಸನ್ಯಾಸಿಗೆ ವಂಶಾವಳಿಯ ಕೊನೆಯಲ್ಲಿ ನಿಂತು ಹೆಮ್ಮೆಪಡುವ ಮೊಮ್ಮಕ್ಕಳೂ ಇಲ್ಲ. ಅವನನ್ನು ಬರೆದ ಗುಮಾಸ್ತನಿಗೂ ಅವನನ್ನು ಚಿರಸ್ಥಾಯಿ ಮಾಡುವ ಉದ್ದೇಶ ಇರಲಿಲ್ಲ. ಎಂಟು ಬೋಲ್ ಮಾಲ್ಟಿಗೆ ಲೆಕ್ಕ ಕೂಡಬೇಕಿತ್ತು, ಅಷ್ಟೆ. ಆದರೂ ಐದು ಶತಮಾನಗಳ ನಂತರ ಜಗತ್ತಿಗೆ ಆ ಸನ್ಯಾಸಿಯ ಹೆಸರು ಗೊತ್ತು, ಅವನು ಇದ್ದ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ನಾಯಕನೆಂದು ಸಿಂಗರಿಸಿದ ಕೋಲ್ತಾರ್ಟಸ್‌ನನ್ನು ಒಂದು ಪುಟ್ಟ ಪುಸ್ತಕ ಬೀಳಿಸಿತು. ಖರ್ಚಿನ ಪಟ್ಟಿಯಲ್ಲಿ ಸಿಕ್ಕ ಜಾನ್ ಕಾರ್‌ನನ್ನು ಯಾರೂ ಬೀಳಿಸಲಾರರು. ಇಬ್ಬರ ವಿಷಯವನ್ನೂ ಅಚ್ಚಿಗೆ ತಂದ ಕೈ ಒಂದೇ ಎಂಬುದನ್ನು ನೆನೆದಾಗ ನನಗೆ ಬರ್ನೆಟ್ ಅರ್ಥವಾಗುತ್ತಾರೆ. ಸುಳ್ಳು ಅಜ್ಜನನ್ನು ಇಳಿಸುವ ಹಟಕ್ಕೂ, ಹೆಸರಿಲ್ಲದವನ ಒಂದು ಸಾಲನ್ನು ಅಕ್ಷರ ತಪ್ಪದೆ ಉಳಿಸುವ ತಾಳ್ಮೆಗೂ ಮೂಲ ಒಂದೇ: ಬದುಕಿದ್ದವರು ಬದುಕಿದ್ದರು ಎಂಬುದಕ್ಕೆ ಸಲ್ಲಿಸುವ ಮರ್ಯಾದೆ.

ಈ ಮರ್ಯಾದೆ ಶ್ರೀಮಂತರಿಗೆ ಮಾತ್ರ ಸಲ್ಲುತ್ತದೆ ಎಂಬ ಆಕ್ಷೇಪವೂ ಇಲ್ಲಿ ಕೊಂಚ ಮೆತ್ತಗಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ದಾನಪತ್ರಗಳು ಉಳ್ಳವರದು, ನಿಜ. ಆದರೆ ಲೆಕ್ಕದ ಪುಸ್ತಕ, ಸುಂಕದ ಪಟ್ಟಿ, ಚರ್ಚಿನ ದೀಕ್ಷೆಯ ರಿಜಿಸ್ಟರು ಇವುಗಳಲ್ಲಿ ಇಲ್ಲದವರೂ ಇಣುಕುತ್ತಾರೆ. 1855ರ ಜನವರಿ 1ರಿಂದ ಸ್ಕಾಟ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ನೋಂದಣಿ ಕಡ್ಡಾಯವಾಯಿತು. ಕೋಲ್ತಾರ್ಟ್ ವಂಶಾವಳಿ ಅಚ್ಚಾದದ್ದೂ ಅದೇ ದಶಕದಲ್ಲಿ. ಒಂದು ಕಡೆ ದುಡ್ಡುಳ್ಳವರು ರೋಮನ್ ಅಜ್ಜನನ್ನು ಹುಡುಕುತ್ತಿದ್ದರು. ಇನ್ನೊಂದು ಕಡೆ ಕುರಿ ಕಾಯುವವನ ಮಗುವೂ ಅರ್ಲ್‌ನ ಮಗುವೂ ಒಂದೇ ಬಗೆಯ ಪುಸ್ತಕದಲ್ಲಿ, ಒಂದೇ ಬಗೆಯ ಖಾನೆಗಳಲ್ಲಿ ದಾಖಲಾಗತೊಡಗಿದ್ದವು. ಇವೆರಡರಲ್ಲಿ ಹೆಚ್ಚು ಕ್ರಾಂತಿಕಾರಿ ಯಾವುದು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಕಡೆ ಹೆಳವರು ಊರೂರು ತಿರುಗಿ, ಮನೆಯ ಮುಂದೆ ನಿಂತು ಆ ಮನೆಯವರ ವಂಶವನ್ನು ಹೇಳುತ್ತಾರೆ, ಮನೆಯವರು ಕಾಳು ಕಡಿ ಕೊಟ್ಟು ಕಳಿಸುತ್ತಾರೆ. ಅವರು ಹೇಳುವುದು ರಾಜರ ವಂಶವನ್ನಲ್ಲ, ಒಕ್ಕಲು ಮನೆಗಳದ್ದು. ಯಾವ ಊರಿನಿಂದ ಯಾರು ಎದ್ದು ಬಂದರು, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಯಾವ ಊರಿಗೆ ಹೋದರು. ಅದನ್ನು ಕೇಳುವಾಗ ಮನೆಯ ಹಿರಿಯರ ಕಣ್ಣು ತುಂಬುವುದು ದೊಡ್ಡ ಹೆಸರು ಸಿಕ್ಕಿತೆಂದಲ್ಲ. ನಮ್ಮವರೆಂಬ ಹೆಸರು ಸಿಕ್ಕಿತೆಂದು. ಮನುಷ್ಯನಿಗೆ ಬೇಕಾದದ್ದು ಇದು ಎಂದಾದರೆ, ಅದಕ್ಕೆ ಸುಳ್ಳಿನ ನೆರವು ಬೇಕಾಗಿಲ್ಲ.

ಕಷ್ಟವಿರುವುದು ಕೇಳಿಸಿಕೊಳ್ಳಲು ಯಾವ ಹೆಸರೂ ಉಳಿಯದವರಿಗೆ. ಎಷ್ಟೋ ಜನರಿಗೆ ಮುತ್ತಜ್ಜನಿಂದಾಚೆ ಕತ್ತಲೆ. ಕೆಲವರ ವಿಷಯದಲ್ಲಿ ಆ ಕತ್ತಲೆ ಆಕಸ್ಮಿಕವಲ್ಲ. ಓದು, ಭೂಮಿ, ಹೆಸರು ಮೂರನ್ನೂ ಅವರಿಂದ ತಲೆಮಾರುಗಳ ಕಾಲ ಕಸಿದಿಟ್ಟದ್ದರಿಂದ ಹುಟ್ಟಿದ್ದು. ಅಂಥವರೊಬ್ಬರು ತಮಗೂ ಒಂದು ರಾಜವಂಶ ಇತ್ತು ಎಂದರೆ ನಗಲು ನನಗೆ ಬಾಯಿ ಬರುವುದಿಲ್ಲ. ಬ್ಯಾಂಕ್ ಮ್ಯಾನೇಜರನ ಆಸೆಯನ್ನೂ ಅವಮಾನ ಉಂಡವರ ಆಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ. ದಾಖಲೆಯಲ್ಲಿನ ಆ ಖಾಲಿ ಜಾಗವೇ ನಡೆದ ಅನ್ಯಾಯಕ್ಕೆ ಸಾಕ್ಷಿ. ಅಲ್ಲೊಬ್ಬ ರಾಜನನ್ನು ಕೂರಿಸಿದರೆ ಸಾಕ್ಷಿ ಅಳಿಸಿಹೋಗುತ್ತದೆ, ಕಸಿದವರಿಗೆ ಅದರಿಂದ ಅನುಕೂಲವೇ. ಖಾಲಿ ಜಾಗವನ್ನು ಖಾಲಿ ಎಂದೇ ತೋರಿಸಿ, ಇಲ್ಲಿ ಯಾರ ಹೆಸರಿರಬೇಕಿತ್ತು, ಯಾಕಿಲ್ಲ ಎಂದು ಕೇಳುವುದು ಹೆಚ್ಚು ದೊಡ್ಡ ಕೆಲಸ. ಅದು ಸಂಶೋಧಕರ ಕೆಲಸವೂ ಹೌದು.

ಬರ್ನೆಟ್ ಅವರ ಕಾಲಕ್ಕೆ ಈ ಪ್ರಶ್ನೆ ಈ ರೂಪದಲ್ಲಿ ಎದುರಾಗಿರಲಿಕ್ಕಿಲ್ಲ. ಅವರು ಮಾಡಿದ್ದು ಸಣ್ಣ ಕೆಲಸ: ಗೊತ್ತಿರುವುದನ್ನು ಬರೆದರು, ಆಧಾರವಿಲ್ಲದ್ದನ್ನು ಹೊಡೆದುಹಾಕಿದರು, ಹೊಸದಾಗಿ ಕೊಟ್ಟದ್ದರ ಮೇಲೆ ತಾರೀಖು ಹಾಕಿದರು. ವಂಶದ ಹೆಮ್ಮೆಯನ್ನೇ ಸರಕಾಗಿಸಿಕೊಂಡ ಕಚೇರಿಯಲ್ಲಿ ಕೂತು ಇಷ್ಟನ್ನು ಮಾಡುವುದು ಸುಲಭವಾಗಿರಲಿಲ್ಲ. ನಮ್ಮ ಮಕ್ಕಳು ನಮ್ಮನ್ನು ಯಾವ ಅಜ್ಜ, ಅಜ್ಜಿಯಾಗಿ ನೆನೆಯುತ್ತಾರೋ ತಿಳಿಯದು. ಬೇಕಾದ ಅಜ್ಜನಾಗಿ ಸಿಂಗರಿಸಿಕೊಂಡು ಅವರ ಗೋಡೆಯ ಮೇಲೆ ನೇತಾಡುವುದಕ್ಕಿಂತ, ಯಾವುದೋ ಲೆಕ್ಕದ ಪುಸ್ತಕದಲ್ಲಿ ಎಂಟು ಬೋಲ್ ಮಾಲ್ಟ್ ಪಡೆದವನಾಗಿ ಸಿಕ್ಕರೆ ಸಾಕು ಎಂದು ನನಗನಿಸುತ್ತದೆ.